ಕಾರ್ಪಸ್ 30 ಲಕ್ಷ, ಎದುರಿಗೆ 45 ಲಕ್ಷದ ಕೆಲಸ: ತಿಂಗಳಿಗೆ ಎಷ್ಟು ಕಟ್ಟಿಸಿಕೊಳ್ಳಬೇಕು?

ಹೊಸ_ಖಜಾಂಚಿ

ಬೆಂಗಳೂರಿನ ಅಪಾರ್ಟ್‌ಮೆಂಟ್. ಎರಡು ಬ್ಲಾಕ್, ಸ್ಟಿಲ್ಟ್ ಮೇಲೆ ಆರು ಮಹಡಿ, ಒಟ್ಟು 96 ಮನೆ. ಕಟ್ಟಡಕ್ಕೆ 11 ವರ್ಷ. ಸೂಪರ್ ಬಿಲ್ಟ್‌ಅಪ್ ಒಟ್ಟು 1,20,000 ಚದರಡಿ. ಮನೆಗಳು 1,050ರಿಂದ 1,650 ಚದರಡಿವರೆಗೆ, ಸರಾಸರಿ 1,250. ಮೇಂಟೆನೆನ್ಸ್ ತಿಂಗಳಿಗೆ ಚದರಡಿಗೆ 4 ರೂಪಾಯಿ. ಸಂಘ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ನೋಂದಣಿಯಾಗಿದೆ.

ಬಿಲ್ಡರ್ ಹಸ್ತಾಂತರ ಮಾಡುವಾಗ ಅಡಿಗೆ 25 ರೂಪಾಯಿಯಂತೆ 30 ಲಕ್ಷ ಕಾರ್ಪಸ್ (ದೊಡ್ಡ ಖರ್ಚಿಗೆಂದು ತೆಗೆದಿಟ್ಟ ಮೂಲಧನ) ಕೊಟ್ಟಿದ್ದರು. ಇವತ್ತಿಗೂ ಅಷ್ಟೇ ಇದೆ. ಬಂದ ಬಡ್ಡಿಯೆಲ್ಲ ಪ್ರತಿವರ್ಷ ಸೆಕ್ಯುರಿಟಿ, ಟ್ಯಾಂಕರ್ ನೀರಿನ ಕೊರತೆ ತುಂಬಲು ಹೋಗಿದೆ.

ಈಗ ಆರನೇ ಮಹಡಿಯ ಮನೆಗಳಲ್ಲಿ ಸೀಲಿಂಗ್ ಒದ್ದೆ. ಹೊರಗೋಡೆಯ ಬಣ್ಣ ಆರು ವರ್ಷದ ಹಿಂದಿನದು, ಪೊರೆ ಪೊರೆಯಾಗಿ ಏಳುತ್ತಿದೆ. ತಾರಸಿ ವಾಟರ್‌ಪ್ರೂಫಿಂಗ್‌ಗೆ 18 ಲಕ್ಷ, ಬಣ್ಣಕ್ಕೆ 27 ಲಕ್ಷ ಕೊಟೇಶನ್ ಬಂದಿದೆ. ಕಾರ್ಪಸ್ ಮುಟ್ಟದೆ ಪ್ರತಿ ಮನೆಗೆ 45,000 ರೂಪಾಯಿ ಒಂದೇ ಸಲ ವಸೂಲಿ ಮಾಡೋಣ ಅಂತ ಸಮಿತಿ. ಅರ್ಧದಷ್ಟು ಮಾಲೀಕರು ಒಪ್ಪುತ್ತಿಲ್ಲ.

ತಿಳಿದವರು ಹೇಳಿ: ತಿಂಗಳ ಕಂತಿನ ಮೊತ್ತವನ್ನು ಯಾವ ಲೆಕ್ಕದಿಂದ ನಿರ್ಧರಿಸಬೇಕು? ಕಾರ್ಪಸ್ ಮುಟ್ಟಬಹುದೇ? ಎರಡು ಕೆಲಸದಲ್ಲಿ ಯಾವುದು ಮೊದಲು?

ಪಂಪ್‌ಹೌಸ್

45,000 ಎಲ್ಲಿಂದ ಬಂತು ನೋಡಿ. ಇಂಟು 96 ಅಂದರೆ 43.2 ಲಕ್ಷ. ಎದುರಿಗಿರುವ ಎರಡು ಕೊಟೇಶನ್ ಕೂಡಿಸಿ ಮನೆಗಳಿಗೆ ಹೆಚ್ಚುಕಡಿಮೆ ಭಾಗಿಸಿದ್ದಾರೆ, ಅಷ್ಟೆ. ಇನ್ನು ನಾಲ್ಕು ವರ್ಷಕ್ಕೆ ಲಿಫ್ಟ್ ಸರದಿ ಬಂದಾಗ ಇದೇ ಜಗಳ ಇದೇ ಕುರ್ಚಿಗಳಲ್ಲಿ ಕೂತು ಮತ್ತೆ ಆಡಬೇಕಾಗುತ್ತದೆ.

ಮೊದಲು ಒಂದು ಪಟ್ಟಿ ಬೇಕು. ಎಲೆಕ್ಟ್ರಿಷಿಯನ್, ಪ್ಲಂಬರ್ ಇಬ್ಬರನ್ನೂ ಕರೆದುಕೊಂಡು ತಾರಸಿಯಿಂದ ಸಂಪಿನ ತನಕ ಒಂದು ದಿನ ಓಡಾಡಿ. ಪ್ರತಿ ವಸ್ತುವಿಗೂ ಐದು ಅಂಕಣ: ಎಷ್ಟಿದೆ, ಯಾವ ವರ್ಷದ್ದು, ಇಲ್ಲಿನ ಬಳಕೆಯಲ್ಲಿ ಬಾಳಿಕೆ ಎಷ್ಟು, ಇವತ್ತು ಬದಲಿಸಿದರೆ ಖರ್ಚೆಷ್ಟು, ಮತ್ತೆ ಯಾವಾಗ ಬರುತ್ತದೆ. ಬಾಳಿಕೆಯನ್ನು ಕ್ಯಾಟಲಾಗ್ ನೋಡಿ ಬರೆಯಬೇಡಿ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಪಂಪಿನ ಸೀಲು, ಪೈಪಿನ ವಾಲ್ವು ಹೇಳಿದಷ್ಟು ದಿನ ಬರುವುದಿಲ್ಲ. ದಿನವಿಡೀ ಓಡುವ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಬ್ಲೋವರ್‌ಗೂ ತಿಂಗಳಿಗೆ ಹತ್ತು ಗಂಟೆ ಓಡುವ ಡಿಜಿಗೂ (ಡೀಸೆಲ್ ಜನರೇಟರ್) ಒಂದೇ ಅಳತೆಗೋಲು ಆಗದು.

ನಿಮ್ಮ ಗಾತ್ರದ ಕಟ್ಟಡಕ್ಕೆ ಒಂದು ಕರಡು ಹಾಕಿದ್ದೇನೆ. ಬೆಲೆಗಳು ಲೆಕ್ಕದ ದಾರಿ ತೋರಿಸಲು ಮಾತ್ರ, ನಿಮಗೆ ಬಂದ ಕೊಟೇಶನ್ ಹಾಕಿಕೊಳ್ಳಿ.

ಹೊರಬಣ್ಣ ಮತ್ತು ಬಿರುಕು ದುರಸ್ತಿ: 27 ಲಕ್ಷ, 7 ವರ್ಷ, ಆಗಲೇ 6 ಕಳೆದಿದೆ
ತಾರಸಿ: 18 ಲಕ್ಷ, 12 ವರ್ಷ, 11 ಕಳೆದಿದೆ
4 ಲಿಫ್ಟ್‌ಗಳ ಕಂಟ್ರೋಲರ್, ಡ್ರೈವ್, ಬಾಗಿಲ ಯಂತ್ರ: 24 ಲಕ್ಷ, 15 ವರ್ಷ, 11 ಕಳೆದಿದೆ
250 ಕೆವಿಎ ಡಿಜಿ: 30 ಲಕ್ಷ, 20 ವರ್ಷ, 11 ಕಳೆದಿದೆ
ಎಸ್‌ಟಿಪಿ ಬ್ಲೋವರ್, ಡಿಫ್ಯೂಸರ್, ಪಂಪ್, ಫಿಲ್ಟರ್: 12 ಲಕ್ಷ, 8 ವರ್ಷ, 5 ಕಳೆದಿದೆ
ನೀರಿನ ಪಂಪು, ಹೈಡ್ರೋನ್ಯುಮ್ಯಾಟಿಕ್ (ಒತ್ತಡದಲ್ಲಿ ನೀರು ಕಳಿಸುವ) ಸೆಟ್: 8 ಲಕ್ಷ, 10 ವರ್ಷ, 5 ಕಳೆದಿದೆ
ಡಕ್ಟಿನ (ಮಹಡಿಗಳ ಪೈಪು ಇಳಿಯುವ ಕಿಂಡಿ) ಉದ್ದುದ್ದ ಪೈಪುಗಳು: 20 ಲಕ್ಷ, 25 ವರ್ಷ, 11 ಕಳೆದಿದೆ
ಬೆಂಕಿ ಪಂಪು, ಹೈಡ್ರಂಟ್ ಲೈನ್: 10 ಲಕ್ಷ, 18 ವರ್ಷ, 11 ಕಳೆದಿದೆ

ಪ್ರತಿ ಸಾಲಿನ ಬೆಲೆಯನ್ನು ಬಾಳಿಕೆಯಿಂದ ಭಾಗಿಸಿ ಕೂಡಿಸಿದರೆ ವರ್ಷಕ್ಕೆ ಸುಮಾರು 12.1 ಲಕ್ಷ. ಕಟ್ಟಡ ಸುಮ್ಮನೆ ನಿಂತಿದ್ದರೂ ಪ್ರತಿವರ್ಷ ಇಷ್ಟು ಸವೆಯುತ್ತದೆ. ಅಡಿಗೆ ತಿಂಗಳಿಗೆ 84 ಪೈಸೆ. ಇನ್ನೊಂದು ಲೆಕ್ಕ: ಬೆಲೆಯನ್ನು ಕಳೆದ ವರ್ಷಗಳಿಂದ ಗುಣಿಸಿ ಬಾಳಿಕೆಯಿಂದ ಭಾಗಿಸಿ. ಬಣ್ಣಕ್ಕೆ 23.1, ತಾರಸಿಗೆ 16.5, ಲಿಫ್ಟಿಗೆ 17.6, ಹೀಗೆ ಎಲ್ಲ ಕೂಡಿದರೆ 100 ಲಕ್ಷ. ಇವತ್ತು ಖಾತೆಯಲ್ಲಿ ಒಂದು ಕೋಟಿ ಇರಬೇಕಿತ್ತು, 30 ಲಕ್ಷ ಇದೆ. 45,000ಕ್ಕಿಂತ ಮುಂಚೆ ಮಹಾಸಭೆಯ ಮುಂದೆ ಇಡಬೇಕಾದ ಸಂಖ್ಯೆ ಇದು.

ಹಾಗಂತ 70 ಲಕ್ಷವನ್ನು ಈಗಲೇ ವಸೂಲಿ ಮಾಡಬೇಕಿಲ್ಲ. ಯಾವ ವರ್ಷ ಎಷ್ಟು ಹೊರಗೆ ಹೋಗುತ್ತದೆ ಅಂತ ಬರೆದು, ಖಾತೆ ಯಾವತ್ತೂ ಸೊನ್ನೆಗಿಂತ ಕೆಳಗೆ ಇಳಿಯದ ಕಂತು ಹುಡುಕಿ. 12 ಲಕ್ಷದಲ್ಲಿ ನಡೆಯುವುದಿಲ್ಲ: ಎರಡೂ ಕೆಲಸ ಮೊದಲ ವರ್ಷವೇ ಮಾಡಿದರೆ ಆಗಲೇ 3 ಲಕ್ಷ ಖೋತಾ, ಡಿಜಿ ಬದಲಿಸುವ ಒಂಬತ್ತನೇ ವರ್ಷಕ್ಕೆ 18 ಲಕ್ಷ ಖೋತಾ. ವರ್ಷಕ್ಕೆ 15 ಲಕ್ಷ ಕಟ್ಟಿಸಿ, ತಾರಸಿ ಮೊದಲ ವರ್ಷ, ಬಣ್ಣ ಎರಡನೇ ವರ್ಷ ಅಂತ ಬಿಡಿಸಿದರೆ ವರ್ಷದ ಕೊನೆಗೆ ಖಾತೆಯಲ್ಲಿ ಉಳಿಯುವ ಹಣ ಲಕ್ಷದಲ್ಲಿ ಹೀಗೆ ಬರುತ್ತದೆ: 27, 15, 18, 9, 16, 31, 36, 51, 9. ಒಂಬತ್ತನೇ ವರ್ಷ ಡಿಜಿ ಮತ್ತು ಎರಡನೇ ಸುತ್ತಿನ ಬಣ್ಣ ಒಟ್ಟಿಗೆ ಬರುತ್ತವೆ, 51 ಇದ್ದದ್ದು 9ಕ್ಕೆ ಇಳಿಯುವುದು ಅದಕ್ಕೇ. ಎಂಟನೇ ವರ್ಷದ 51 ಲಕ್ಷ ನೋಡಿ "ಇಷ್ಟೊಂದು ದುಡ್ಡು ಕೊಳೆಯುತ್ತಿದೆ, ಕ್ಲಬ್‌ಹೌಸ್ ಮಾಡೋಣ" ಅನ್ನುವವರು ಹುಟ್ಟಿಕೊಳ್ಳುತ್ತಾರೆ. ಅವರಿಗೆ ತೋರಿಸಲು ಈ ಸಾಲನ್ನು ಇಟ್ಟುಕೊಂಡಿರಿ.

15 ಲಕ್ಷ ಅಂದರೆ ಅಡಿಗೆ 1 ರೂಪಾಯಿ 4 ಪೈಸೆ. 1,250 ಚದರಡಿಯ ಮನೆಗೆ ತಿಂಗಳಿಗೆ 1,300 ರೂಪಾಯಿ. ಎಲ್ಲ ಇವತ್ತಿನ ಬೆಲೆಯಲ್ಲಿ. ಹಾಗಾಗಿ ಕಂತು ಪ್ರತಿ ಏಪ್ರಿಲ್‌ನಲ್ಲಿ ತಾನಾಗಿ 6% ಏರಬೇಕು ಅಂತ ಮೊದಲ ಠರಾವಿನಲ್ಲೇ ಬರೆಸಿ. ಪ್ರತಿವರ್ಷ ಮತಕ್ಕೆ ಹಾಕಿದರೆ ಏರುವುದಿಲ್ಲ.

ನಿಮ್ಮ ಎರಡನೇ ಪ್ರಶ್ನೆಗೆ: ಮುಟ್ಟಬೇಕು. ಕಾರ್ಪಸ್ ಇರುವುದು ತಾರಸಿ ಸೋರಿದಾಗ ಖರ್ಚು ಮಾಡಲಿಕ್ಕೇ. ಮುಟ್ಟಬಾರದಿದ್ದದ್ದು ಬಡ್ಡಿಯನ್ನು, ಅದನ್ನು 11 ವರ್ಷ ಮುಟ್ಟಿದ್ದೀರಿ.

ಗಾರೆ_ಕರಣೆ

ತಾರಸಿ ಮೊದಲು, ಬಣ್ಣ ಆಮೇಲೆ. ಪಂಪ್‌ಹೌಸ್ ಅವರು ಹಣದ ಲೆಕ್ಕದಿಂದ ಅಲ್ಲಿಗೆ ಬಂದರು, ಕೆಲಸದ ಲೆಕ್ಕವೂ ಅದೇ. ಪ್ಯಾರಪೆಟ್ ಮೂಲಕ ಗೋಡೆಯೊಳಗೆ ನೀರು ಇಳಿಯುತ್ತಿರುವಾಗ ಬಣ್ಣ ಹೊಡೆದರೆ ಮುಂದಿನ ಮಳೆಗಾಲಕ್ಕೇ ಗುಳ್ಳೆ ಏಳುತ್ತದೆ, "ಗೋಡೆಯಲ್ಲಿ ತೇವ ಇತ್ತು" ಅಂತ ಬಣ್ಣದ ಕಂಪನಿ ವಾರಂಟಿಯಿಂದ ಕೈ ತೊಳೆದುಕೊಳ್ಳುತ್ತದೆ.

ತಾರಸಿಯ ಕೊಟೇಶನ್‌ನಲ್ಲಿ ನೋಡಬೇಕಾದ್ದು ಹೇಳುತ್ತೇನೆ. 18 ಲಕ್ಷ ಅಂದರೆ 20,000 ಚದರಡಿಗೆ ಅಡಿಗೆ 90 ರೂಪಾಯಿ ಇರಬಹುದು. ಅದರಲ್ಲಿ ಹಳೆ ಬ್ರಿಕ್‌ಬ್ಯಾಟ್ ಕೋಬಾ (ಇಟ್ಟಿಗೆ ಚೂರು, ಗಾರೆಯ ಪದರ) ಕೀಳುವುದು ಸೇರಿದೆಯೇ? ಬಹಳ ಕಡೆ ಹಳೆಯದರ ಮೇಲೇ ಇನ್ನೊಂದು ಪದರ ಕೋಬಾ ಹಾಕಿ ವಾಟ ಸರಿ ಮಾಡುತ್ತೇವೆ ಅನ್ನುತ್ತಾರೆ. ನಾಲ್ಕು ಇಂಚಿನ ಕೋಬಾ ಚದರ ಮೀಟರಿಗೆ ಸುಮಾರು 190 ಕಿಲೋ ತೂಗುತ್ತದೆ. ಜನ ಓಡಾಡುವ ತಾರಸಿಗೆ ವಿನ್ಯಾಸದಲ್ಲಿ ಹಿಡಿಯುವ ಚಲ ಭಾರವೇ (ಜನ, ಸಾಮಾನಿನ ತೂಕ) ಚದರ ಮೀಟರಿಗೆ 150 ಕಿಲೋ. ಸ್ಟ್ರಕ್ಚರಲ್ ಎಂಜಿನಿಯರ್ ಬರೆದು ಕೊಡದೆ ಆ ಪದರ ಬೇಡವೇ ಬೇಡ. ಕೋಬಾ ಟೊಳ್ಳು ಸದ್ದು ಮಾಡುತ್ತಿದ್ದರೆ, ಅಂದರೆ ಕಬ್ಬಿಣದ ಸರಳಿನಿಂದ ತಟ್ಟಿದಾಗ ಡಬ್ಬದಂತೆ ಕೇಳಿದರೆ, ಒಳಗೆ ನೀರು ನಿಂತಿದೆ. ಅದರ ಮೇಲೆ ಪಿಯು (ಪಾಲಿಯುರೆಥೇನ್) ಲೇಪನ ಹಚ್ಚಿದರೆ ಬೇಸಿಗೆಯಲ್ಲಿ ಆವಿಯಾಗಿ ಲೇಪನವನ್ನು ಎತ್ತಿಬಿಡುತ್ತದೆ.

ಲೇಪನ ಅಥವಾ ಮೆಂಬ್ರೇನ್ (ನೀರು ತಡೆಯುವ ಹಾಳೆ) ಪ್ಯಾರಪೆಟ್ ಮೇಲೆ ಕನಿಷ್ಠ ಒಂದು ಅಡಿ ಏರಬೇಕು, ಮೂಲೆ 90 ಡಿಗ್ರಿ ಇರದೆ ಗಾರೆಯಿಂದ ದುಂಡಗೆ ತುಂಬಿರಬೇಕು. ವಾಟ 1:100. ಸೋರುವುದು ಬಯಲಿನಲ್ಲಿ ಕಡಿಮೆ. ಪೈಪ್ ತಾರಸಿಯನ್ನು ತೂರಿ ಬರುವ ಜಾಗ, ಮಳೆನೀರಿನ ಬಾಯಿ, ಕೇಬಲ್‌ನವರು ಡ್ರಿಲ್ ಹೊಡೆದ ತೂತು, ಸೋಲಾರ್ ಸ್ಟ್ಯಾಂಡಿನ ಕಾಲು, ಇವೇ ಕಳ್ಳದಾರಿಗಳು. ಮುಗಿದ ಮೇಲೆ ಬಾಯಿ ಕಟ್ಟಿ ನೀರು ನಿಲ್ಲಿಸಿ 72 ಗಂಟೆ ಕಾಯಿರಿ, ಕೆಳಗಿನ ಮನೆಗಳ ಸೀಲಿಂಗ್ ಫೋಟೊ ಮೊದಲೂ ಆಮೇಲೂ ತೆಗೆಯಿರಿ. ಕೊನೆಯ 10% ಹಣ ಒಂದು ಮಳೆಗಾಲ ದಾಟಿದ ಮೇಲೆ.

ಬಣ್ಣದ ಕೊಟೇಶನ್‌ನಲ್ಲಿ ದರಕ್ಕಿಂತ ಅಳತೆಯಲ್ಲಿ ಮೋಸ ಹೆಚ್ಚು. ಕಿಟಕಿ, ಬಾಲ್ಕನಿ ತೆರವು ಕಳೆದಿದ್ದಾರೋ ಇಲ್ಲವೋ, ಬಾಲ್ಕನಿಯ ಒಳಗೋಡೆ, ಡಕ್ಟಿನ ಒಳಮೈ ಸೇರಿದೆಯೋ ಇಲ್ಲವೋ ಮೊದಲೇ ಬರೆಸಿ, ಒಟ್ಟಿಗೆ ನಿಂತು ಅಳೆಯಿರಿ. ಬಿರುಕು ದುರಸ್ತಿಯನ್ನು "ಲಂಪ್‌ಸಮ್" ಅಂತ ಬಿಡಬೇಡಿ. ಕೂದಲೆಳೆ ಬಿರುಕಿಗೆ ಒಂದು ದರ, ಕಾಂಕ್ರೀಟ್ ತೊಲೆಗೂ ಇಟ್ಟಿಗೆ ಗೋಡೆಗೂ ಮಧ್ಯದ ಬಿರುಕಿಗೆ ಇನ್ನೊಂದು. ಎರಡನೆಯದು ಬಿಸಿಲಿಗೆ ಹಿಗ್ಗಿ ಕುಗ್ಗುತ್ತಲೇ ಇರುತ್ತದೆ, ಪುಟ್ಟಿ ತುಂಬಿದರೆ ವರ್ಷದಲ್ಲಿ ಮತ್ತೆ ಬಿಡುತ್ತದೆ. ಕೊರೆದು, ಹಿಗ್ಗುವ ಸೀಲೆಂಟ್ ಅಥವಾ ಪಾಲಿಮರ್ ಗಾರೆ ತುಂಬಿ, ಫೈಬರ್ ಜಾಲರಿ ಅಂಟಿಸಬೇಕು. ಜಂಗು ಹಿಡಿದು ಉಬ್ಬಿದ ಕಂಬಿ ಕಂಡಲ್ಲಿ ಮೇಲೆ ಮೇಲೆ ತೇಪೆ ಹಾಕಿಸಬೇಡಿ. ಸಡಿಲ ಕಾಂಕ್ರೀಟ್ ಕಂಬಿಯ ಹಿಂಬದಿ ಕಾಣುವವರೆಗೆ ಕೆತ್ತಿ, ಜಂಗು ತಿಕ್ಕಿ, ಜಂಗುನಿರೋಧಕ ಹಚ್ಚಿ, ಆಮೇಲೆ ಗಾರೆ.

ಸಾರುವೆ ಕಟ್ಟಿದಾಗಲೇ ಡಕ್ಟಿನ ಪೈಪ್ ಕ್ಲಾಂಪು, ಎಸಿ ಡ್ರೈನ್, ಕಿಟಕಿಯ ಸುತ್ತಲಿನ ಸೀಲೆಂಟ್ ಮುಗಿಸಿ. ಬಣ್ಣ ಮುಗಿದ ಮೇಲೆ ಪ್ಲಂಬರ್ ಹಗ್ಗದಲ್ಲಿ ಇಳಿದರೆ ಹೊಸ ಗೋಡೆಯ ಮೇಲೆ ಅವನ ಬೂಟಿನ ಗುರುತು ಏಳು ವರ್ಷ ಇರುತ್ತದೆ. ಬೆಂಗಳೂರಿಗೆ ಜನವರಿಯಿಂದ ಏಪ್ರಿಲ್ ಮಧ್ಯದವರೆಗೆ ಸರಿಯಾದ ಕಾಲ. ಕೆಲಸದ ಆದೇಶ ನವೆಂಬರ್‌ನಲ್ಲೇ ಕೈಗೆ ಹೋಗಿರಬೇಕು.

ಮಹಡಿ_ಮೇಲಿನವ್ರು

ಲೆಕ್ಕವೆಲ್ಲ ಚೆನ್ನಾಗಿದೆ. ಆದರೆ ಇನ್ನು ಮೂರು ವರ್ಷಕ್ಕೆ ಮಾರಿ ಹೋಗುವ ಮಾಲೀಕ ಒಂಬತ್ತನೇ ವರ್ಷದ ಡಿಜಿಗೆ ಯಾಕೆ ಕೊಡಬೇಕು? ಬೇಕಾದಾಗ ಕೇಳಿ, ಕೊಡುತ್ತೇವೆ ಅನ್ನುವುದರಲ್ಲಿ ತಪ್ಪೇನು? ಸಮಿತಿಯ ಕೈಯಲ್ಲಿ ಅರ್ಧ ಕೋಟಿ ಇಡುವುದೇ ಅಪಾಯ. ಮಹಾರಾಷ್ಟ್ರದ ಸೊಸೈಟಿಗಳು ಕಟ್ಟಡ ವೆಚ್ಚದ 0.25% ಮಾತ್ರ ಸಿಂಕಿಂಗ್ ಫಂಡ್‌ಗೆ (ದೊಡ್ಡ ಕೆಲಸಕ್ಕೆ ಕೂಡಿಡುವ ನಿಧಿ) ತೆಗೆದುಕೊಳ್ಳುತ್ತವಲ್ಲ?

ಅಡಾವೆ_ಪತ್ರಿಕೆ

ಮಹಾರಾಷ್ಟ್ರದ ಮಾದರಿ ಉಪವಿಧಿಯ ಅರ್ಧ ಮಾತ್ರ ಹೇಳಿದಿರಿ. ಸಿಂಕಿಂಗ್ ಫಂಡ್‌ಗೆ ವರ್ಷಕ್ಕೆ ಕನಿಷ್ಠ 0.25%, ಅದರ ಪಕ್ಕದಲ್ಲೇ ದುರಸ್ತಿ ನಿಧಿಗೆ 0.75%. ಕಟ್ಟುವ ವೆಚ್ಚ ಅಡಿಗೆ 2,000 ಅಂತ ಹಿಡಿದರೆ ಈ ಕಟ್ಟಡಕ್ಕೆ 24 ಕೋಟಿ. 0.25% ಅಂದರೆ 6 ಲಕ್ಷ, 0.75% ಅಂದರೆ 18 ಲಕ್ಷ, ಎರಡೂ ಸೇರಿ 24 ಲಕ್ಷ. ಇಲ್ಲಿ ಕೇಳುತ್ತಿರುವುದು 15.

ಮೂರು ವರ್ಷಕ್ಕೆ ಮಾರುವವರ ಮಾತಿಗೆ: ಅವರು ಮುಂದಿನ ಡಿಜಿಗೆ ಕೊಡುತ್ತಿಲ್ಲ, 14 ವರ್ಷ ಓಡಿಸಿದ ಡಿಜಿಯ ಸವೆತಕ್ಕೆ ಕೊಡುತ್ತಾರೆ. "ಬೇಕಾದಾಗ ಕೇಳಿ" ಅನ್ನುವುದರ ಕಷ್ಟ ವಸೂಲಿಯಲ್ಲಿದೆ. 96ರಲ್ಲಿ 20 ಮನೆ ತಡ ಮಾಡಿದರೆ 45,000ದ ಲೆಕ್ಕದಲ್ಲಿ 9 ಲಕ್ಷ ಕಮ್ಮಿ, ಸಾರುವೆ ಅರ್ಧಕ್ಕೆ ನಿಲ್ಲುತ್ತದೆ. ಬಾಕಿ ಇಟ್ಟವರ ಮೇಲೆ ಸಂಘಕ್ಕೆ ಹಿಡಿತವಿದೆ: 1972ರ ಕಾಯ್ದೆಯಲ್ಲಿ ಕಟ್ಟದ ಸಾಮಾನ್ಯ ಖರ್ಚು ಆ ಫ್ಲ್ಯಾಟಿನ ಮೇಲೇ ಹೊಣೆಯಾಗಿ ಕೂರುತ್ತದೆ, ಕೊಂಡವರೂ ಮಾರಿದವರ ಜೊತೆ ಜವಾಬ್ದಾರರು. ಹಾಗಂತ ನೋಟಿಸ್ ಕೊಟ್ಟು ಹಣ ಬರುವವರೆಗೆ ಮಳೆ ಕಾಯುವುದಿಲ್ಲ.

ಅದೇ ಕಾಯ್ದೆಯ ಪ್ರಕಾರ ಸಾಮಾನ್ಯ ಖರ್ಚನ್ನು ಅವಿಭಜಿತ ಹಕ್ಕಿನ (ಸಾಮಾನ್ಯ ಜಾಗದಲ್ಲಿ ಪ್ರತಿ ಮನೆಯ ಪಾಲು) ಶೇಕಡಾವಾರು ಹಂಚಬೇಕು. ಎಲ್ಲರಿಗೂ ಸಮ 45,000 ಅನ್ನುವ ಠರಾವನ್ನು 1,050 ಚದರಡಿಯವರು ಪ್ರಶ್ನಿಸಿದರೆ ಸಮಿತಿಯ ಬಳಿ ಒಳ್ಳೆ ಉತ್ತರವಿರುವುದಿಲ್ಲ. ನಿಮ್ಮ ಡೀಡ್ ಆಫ್ ಡಿಕ್ಲರೇಶನ್ (ಪ್ರತಿ ಮನೆಯ ಪಾಲು ಬರೆದಿರುವ ಘೋಷಣಾ ಪತ್ರ) ತೆಗೆದು ಅದರಲ್ಲಿರುವ ಶೇಕಡಾವನ್ನೇ ಬಳಸಿ.

ಜಿಎಸ್‌ಟಿ ಬಲೆ ಇಲ್ಲಿದೆ. ಸಂಘದ ವಾರ್ಷಿಕ ವಸೂಲಿ 20 ಲಕ್ಷ ದಾಟಿ, ಒಂದು ಮನೆಯಿಂದ ತಿಂಗಳಿಗೆ 7,500ಕ್ಕಿಂತ ಹೆಚ್ಚು ಬಂದರೆ 18% ತೆರಿಗೆ. 1,650 ಚದರಡಿಯ ಮನೆ ಈಗ 6,600 ಕೊಡುತ್ತಿದೆ. ನಿಧಿಯ 1,716 ಸೇರಿದರೆ 8,316. ಮಿತಿ ದಾಟಿದರೆ ಇಡೀ ಮೊತ್ತಕ್ಕೆ ತೆರಿಗೆ ಅಂತ ಇಲಾಖೆಯ 2019ರ ಸುತ್ತೋಲೆ: ತಿಂಗಳಿಗೆ 1,497. ಮೀರಿದ ಭಾಗಕ್ಕೆ ಮಾತ್ರ ಅಂತ ಮದ್ರಾಸ್ ಹೈಕೋರ್ಟ್ 2021ರಲ್ಲಿ ಹೇಳಿತು: 147. ಎಷ್ಟು ವ್ಯತ್ಯಾಸ ನೋಡಿ. ನಿಧಿಗೆ ಬರುವ ಹಣ ಈ 7,500ರ ಲೆಕ್ಕಕ್ಕೆ ಸೇರುತ್ತದೆಯೇ ಅನ್ನುವುದಕ್ಕೆ ಠರಾವಿನ ಪದಗಳನ್ನು ತೋರಿಸಿ ನಿಮ್ಮ ಸಿಎ ಅವರಿಂದ ಲಿಖಿತ ಅಭಿಪ್ರಾಯ ಪಡೆಯಿರಿ. ಮಹಾಸಭೆಗಿಂತ ಮುಂಚೆ.

ಬಡ್ಡಿಗೆ ಆದಾಯ ತೆರಿಗೆ ಇದೆ. ಸದಸ್ಯರ ದುಡ್ಡು ಸದಸ್ಯರಿಗೇ ಅನ್ನುವ ವಾದ ಮೇಂಟೆನೆನ್ಸ್‌ಗೆ ನಡೆಯುತ್ತದೆ, ಬ್ಯಾಂಕ್ ಎಫ್‌ಡಿ ಬಡ್ಡಿಗೆ ನಡೆಯದು. ನಮ್ಮ ಊರಿನದೇ ಬೆಂಗಳೂರು ಕ್ಲಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಇದನ್ನು ಇತ್ಯರ್ಥ ಮಾಡಿದೆ. 7% ಬಡ್ಡಿಯಲ್ಲಿ 30% ತೆರಿಗೆ, ಸೆಸ್ ಹೋದರೆ ಕೈಗೆ 4.8%. ಕೆಲಸದ ದರ 6% ಏರುವಾಗ ಎಫ್‌ಡಿ ಒಂದೇ ನಿಮ್ಮನ್ನು ಕಾಯುವುದಿಲ್ಲ. ಕಂತು ಏರಲೇಬೇಕು ಅಂತ ಪಂಪ್‌ಹೌಸ್ ಹೇಳಿದ್ದು ಇದಕ್ಕೇ.

ಸಮಿತಿಯ ಕೈಯಲ್ಲಿ ಹಣ ಇಡುವ ಭಯ ನ್ಯಾಯವಾದದ್ದು. ಅದಕ್ಕೆ ಬೀಗ ಹಾಕಿ. ಮೇಂಟೆನೆನ್ಸ್‌ನಿಂದ ಬೇರೆಯಾದ ಬ್ಯಾಂಕ್ ಖಾತೆ. ಮಹಾಸಭೆ ಒಪ್ಪಿದ ಪಟ್ಟಿಯಲ್ಲಿರುವ ಕೆಲಸಕ್ಕೆ ಮಾತ್ರ ಹಣ ತೆಗೆಯಬಹುದು ಅಂತ ಉಪವಿಧಿ. ಬಡ್ಡಿ ಅದೇ ಖಾತೆಗೆ. ಲೆಕ್ಕಪತ್ರದಲ್ಲಿ ಇದು ಆದಾಯದ ಕಡೆ ಬರಕೂಡದು, ಹೊಣೆಯ ಕಡೆ ಪ್ರತ್ಯೇಕ ನಿಧಿಯಾಗಿ ಕಾಣಬೇಕು. ಇಲ್ಲದಿದ್ದರೆ "ಈ ವರ್ಷ ಉಳಿತಾಯ ಆಗಿದೆ" ಅಂತ ಯಾರಾದರೂ ಮೇಂಟೆನೆನ್ಸ್ ಇಳಿಸುತ್ತಾರೆ. ಎಫ್‌ಡಿಗಳ ಅವಧಿಯನ್ನು ಪಟ್ಟಿಯ ವರ್ಷಗಳಿಗೆ ಹೊಂದಿಸಿ, ಲಿಫ್ಟಿನದು ನಾಲ್ಕನೇ ವರ್ಷಕ್ಕೆ ಸ್ವಲ್ಪ ಮುಂಚೆ ಮಾಗುವಂತೆ. ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ ವಿಮೆ 5 ಲಕ್ಷದವರೆಗೆ ಮಾತ್ರ. ಸಂಘವನ್ನು ಒಬ್ಬರೇ ಅಂತ ಎಣಿಸುತ್ತಾರೆ, 96 ಜನ ಅಂತಲ್ಲ. ಅರ್ಧ ಪರ್ಸೆಂಟ್ ಹೆಚ್ಚು ಸಿಗುತ್ತದೆ ಅಂತ ಸಣ್ಣ ಸಹಕಾರಿ ಬ್ಯಾಂಕಿಗೆ ಇಡೀ ಗಂಟು ಹಾಕುವುದು ಬೇಡ.

ಬಾಡಿಗೆಗೆ ಕೊಟ್ಟ ಮನೆಗಳಿಗೆ ನಿಧಿಯ ಬಿಲ್ಲನ್ನು ಮಾಲೀಕರ ಹೆಸರಿಗೇ ಕಳಿಸಿ. ಬಾಡಿಗೆದಾರರ ಮೇಂಟೆನೆನ್ಸ್ ಬಿಲ್ಲಿನಲ್ಲಿ ಸೇರಿಸಿದರೆ ಅವರು ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ.

ಹೊಸ_ಖಜಾಂಚಿ

ಎಲ್ಲರಿಗೂ ಧನ್ಯವಾದ. ಇನ್ನೆರಡು ಕೇಳಬೇಕಿತ್ತು. ಕಂಟ್ರೋಲರ್ ಬೋರ್ಡ್ ತಯಾರಿಕೆ ನಿಂತಿದೆ, ಇದೇ ವರ್ಷ ನಾಲ್ಕೂ ಲಿಫ್ಟ್ ಬದಲಿಸಿ ಅಂತ ಎಎಂಸಿಯವರು (ಲಿಫ್ಟಿನ ವಾರ್ಷಿಕ ನಿರ್ವಹಣೆ ಗುತ್ತಿಗೆದಾರರು) ಪತ್ರ ಕೊಟ್ಟಿದ್ದಾರೆ. ಹಾಗೇ ತಾರಸಿಯಲ್ಲಿ 24 ಸೋಲಾರ್ ವಾಟರ್ ಹೀಟರ್ ಇವೆ, ಎಲ್ಲ ಮೇಲಿನ ಎರಡು ಮಹಡಿಯವರದ್ದು. ಬಿಚ್ಚಿ ಕೂರಿಸುವ ಖರ್ಚು ಯಾರದು?

ಪಂಪ್‌ಹೌಸ್

ಪತ್ರ ಸುಳ್ಳಲ್ಲದಿರಬಹುದು, ಆದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಲು ಅದು ಕಾರಣವಲ್ಲ. ಪ್ರತಿ ಬ್ಲಾಕಿನಲ್ಲಿ ಒಂದೊಂದು ಲಿಫ್ಟ್ ಮೊದಲು ಬದಲಿಸಿ. ಬಿಚ್ಚಿದ ಎರಡು ಹಳೆ ಬೋರ್ಡು, ಡ್ರೈವು ನಿಮ್ಮ ಸ್ವತ್ತು ಅಂತ ಆದೇಶದಲ್ಲಿ ಬರೆಸಿ ಬೀಗದಲ್ಲಿಡಿ. ಉಳಿದ ಎರಡು ಲಿಫ್ಟಿಗೆ ಬಿಡಿಭಾಗ ಆಯಿತು, ಎರಡು ಮೂರು ವರ್ಷ ನೂಕಬಹುದು. 24 ಲಕ್ಷ 12 ಮತ್ತು 12 ಆಗಿ ಒಡೆಯುತ್ತದೆ, ವರ್ಷದ ಕೊನೆಗೆ ಉಳಿಯುವ ಹಣದ ಮೇಲಿನ ಸಾಲನ್ನು ಮತ್ತೆ ಬರೆಯಿರಿ. ಬಾಗಿಲ ಚೌಕಟ್ಟು, ಗೈಡ್ ರೈಲು, ಕೌಂಟರ್‌ವೇಟ್ ಬದಲಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ, ಕೊಟೇಶನ್‌ನಲ್ಲಿ ಇದ್ದರೆ ಯಾಕೆ ಅಂತ ಕೇಳಿ. ಹಗ್ಗ ಮಾತ್ರ ಬೇರೆ ಮಾತು: ವ್ಯಾಸ ಸವೆದಿದ್ದರೆ, ಎಳೆ ಕಿತ್ತಿದ್ದರೆ ಮುಂದೂಡುವಂತಿಲ್ಲ. ಎಎಂಸಿಯವರಲ್ಲದ ಇನ್ನೊಬ್ಬರಿಂದ ಪರಿಶೀಲನೆ ಮಾಡಿಸಿ. ಹೊಸ ಕಂಟ್ರೋಲರ್ ಕೂರಿಸಿದ ಮೇಲೆ ವಿದ್ಯುತ್ ಪರಿವೀಕ್ಷಣಾಲಯದ ಕಾಗದ ಯಾರು ಮಾಡಿಸುತ್ತಾರೆ ಅನ್ನುವುದೂ ಆದೇಶದಲ್ಲಿರಲಿ.

ಡಿಜಿ ವಿಷಯದಲ್ಲಿ ಒಂದು ಮಾತು ಬಿಟ್ಟಿದ್ದೆ. 2024ರ ಜುಲೈಯಿಂದ ಹೊಸ ಸೆಟ್‌ಗಳು ಸಿಪಿಸಿಬಿ (ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ) 4 ಪ್ಲಸ್ ಹೊಗೆ ಮಿತಿಗೆ ಹೊಂದಬೇಕು, ಬೆಲೆ ಹಳೆ ಮಾದರಿಗಿಂತ ಹೆಚ್ಚು. 11 ವರ್ಷದ ಹಿಂದಿನ ಇನ್‌ವಾಯ್ಸಿಗೆ ಹಣದುಬ್ಬರ ಸೇರಿಸಿ ಅಂದಾಜು ಮಾಡಬೇಡಿ, ಹೊಸ ಕೊಟೇಶನ್ ತರಿಸಿ.

ಎಸ್‌ಟಿಪಿ ತೊಟ್ಟಿ ಖಾಲಿ ಮಾಡಿಸುವ ದಿನ ಮೇಲ್ಛಾವಣಿಯ ಒಳಮೈಯನ್ನು ಟಾರ್ಚ್ ಹಾಕಿ ಮೇಲಿನಿಂದಲೇ ನೋಡಿ. ಕೊಳಚೆಯ ಗ್ಯಾಸ್ ಮೊದಲು ತಿನ್ನುವುದು ಅಲ್ಲಿಯ ಕಾಂಕ್ರೀಟನ್ನು, ಅದರ ಮೇಲೆಯೇ ನಿಮ್ಮ ಕಾರುಗಳು ಓಡುತ್ತವೆ. ಯಾರನ್ನೂ ಒಳಗೆ ಇಳಿಸಬೇಡಿ, ಸಕ್ಷನ್ ಲಾರಿ ಬಂದೇ ಕೆಲಸ ಆಗಬೇಕು.

ಗಾರೆ_ಕರಣೆ

ಸೋಲಾರ್: ತಾರಸಿ ಸಾಮಾನ್ಯ ಜಾಗ, ಹೀಟರ್ ಖಾಸಗಿ ಸ್ವತ್ತು. ಬಿಚ್ಚಿ ಕೂರಿಸುವ ಖರ್ಚು ಹೀಟರ್‌ನವರದ್ದು, ಕಾಲಿನ ಕೆಳಗಿನ ಕಾಂಕ್ರೀಟ್ ಪೀಠ ಸಂಘದ್ದು ಅಂತ ಹಂಚಿದರೆ ಹೆಚ್ಚು ಗಲಾಟೆ ಇರುವುದಿಲ್ಲ. ಪೀಠವನ್ನು ಲೇಪನಕ್ಕೆ ಮುಂಚೆ ಕಟ್ಟಬೇಕು, ತಾರಸಿಯಿಂದ ಒಂಬತ್ತು ಇಂಚು ಎತ್ತರ, ಲೇಪನ ಪೀಠದ ಮೇಲೂ ಹತ್ತಬೇಕು. ಸ್ಟ್ಯಾಂಡನ್ನು ಪೀಠಕ್ಕೆ ಬೋಲ್ಟ್ ಮಾಡಿ, ತಾರಸಿಗಲ್ಲ. ಗಾಜಿನ ಟ್ಯೂಬಿನ ಹೀಟರ್ ಇದ್ದರೆ ಹತ್ತು ವರ್ಷದ ರಬ್ಬರ್ ಸೀಲು ಬಿಚ್ಚಿದ ಮೇಲೆ ಮತ್ತೆ ಕೂರುವುದಿಲ್ಲ, ಟ್ಯೂಬೂ ಒಂದೆರಡು ಒಡೆಯುತ್ತವೆ. ಹೊಸ ಸೀಲಿನ ಬೆಲೆಯನ್ನು ಮೊದಲೇ ತಿಳಿಸಿ. 12 ಹೀಟರ್ ಒಂದು ಬ್ಲಾಕಿನವು, ಅವನ್ನು ಬಿಚ್ಚಿ, ಆ ತಾರಸಿ ಮುಗಿಸಿ, 72 ಗಂಟೆಯ ನೀರು ಇಳಿಸಿ, ಕೂರಿಸಿದ ಮೇಲೆ ಇನ್ನೊಂದು ಬ್ಲಾಕಿಗೆ ಹೋಗಿ.